ಜುಲೈ 26 ಆದ ಮೂರು ದಿನಕ್ಕೆ

ಪ್ರತಿ ವರ್ಷ ಜುಲೈ 26ಕ್ಕೆ ಫೇಸ್‌ಬುಕ್ ತುಂಬ ಕಾರ್ಗಿಲ್. ಬೆಟ್ಟದ ಮೇಲೆ ಬಾವುಟ, ವಿಕ್ರಮ್ ಬಾತ್ರಾ ಫೋಟೊ, ಸ್ಟೇಟಸ್‌ಗೊಂದು ದೇಶಭಕ್ತಿ ಹಾಡು. ನಾನೂ ಹಾಕುತ್ತೇನೆ. ಹಾಕಬೇಕು ಕೂಡ. ಸರಿಯಾಗಿ ಮೂರು ದಿನಕ್ಕೆ ಜುಲೈ 29 ಬರುತ್ತದೆ. ಅವತ್ತು ಯಾರ ಗೋಡೆಯ ಮೇಲೂ ಏನೂ ಇರುವುದಿಲ್ಲ.

1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಬೆನ್ನಿಗೇ ನಮ್ಮ ಸೈನ್ಯ ಶ್ರೀಲಂಕಾದ ಉತ್ತರ ತುದಿಯ ಜಾಫ್ನಾಕ್ಕೆ ಹೋಯಿತು. ಹೆಸರು ಶಾಂತಿಪಾಲನಾ ಪಡೆ. ಐಪಿಕೆಎಫ್ ಅಂದರೆ ಕೆಲವರಿಗಾದರೂ ನೆನಪಾಗಬಹುದು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಅಲ್ಲಿಂದ ಹೊರಡುವ ಹೊತ್ತಿಗೆ ನಮ್ಮ ಸುಮಾರು 1,200 ಸೈನಿಕರು ಸತ್ತಿದ್ದರು. ಕಾರ್ಗಿಲ್‌ನಲ್ಲಿ ನಾವು ಕಳೆದುಕೊಂಡದ್ದು 527 ಜನರನ್ನು. ಲೆಕ್ಕ ನೀವೇ ಹಾಕಿ.

ನನಗೆ ಶಾಲೆಯಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ. ಗೊತ್ತಾಗಿದ್ದು ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರಿಂದ. ಬೆಳಗಾವಿ ಕಡೆಯವರು. ಮಕ್ಕಳೆಲ್ಲ ಅವರನ್ನು ಮಿಲ್ಟ್ರಿ ಕಾಕಾ ಅಂತಾರೆ. ಹದಿನೆಂಟು ತುಂಬುತ್ತಲೇ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರಿದವರು, ಮರುವರ್ಷ ಶ್ರೀಲಂಕಾದಲ್ಲಿದ್ದರು. ಅಷ್ಟರವರೆಗೆ ಅವರು ಸಮುದ್ರ ನೋಡಿರಲಿಲ್ಲವಂತೆ.

ಸುಮ್ನೆ ಕಲ್ಪಿಸಿಕೊಳ್ಳಿ. ಶ್ರೀಲಂಕಾ ಸರ್ಕಾರ ಮತ್ತು ತಮಿಳು ಬಂಡುಕೋರರು, ಈ ಇಬ್ಬರ ಜಗಳ ಬಿಡಿಸಲು ಹೋಗ್ತಿದ್ದೀವಿ ಅಂತ ಹೇಳಿ ಹುಡುಗರನ್ನು ಕಳಿಸಿದ್ದಾರೆ. ಮೊದಮೊದಲು ಜಾಫ್ನಾದ ತಮಿಳರು ಹಾರ ಹಾಕಿ ಬರಮಾಡಿಕೊಂಡರು. ಬಂಡುಕೋರರಾದ ಟೈಗರ್ಸ್‌ನವರು, ಅಂದರೆ ಎಲ್‌ಟಿಟಿಇಯವರು, ಒಂದಿಷ್ಟು ಬಂದೂಕು ಒಪ್ಪಿಸಿದರು, ಮಿಕ್ಕಿದ್ದನ್ನು ಇಟ್ಟುಕೊಂಡರು. ಸೆಪ್ಟೆಂಬರ್ 26ಕ್ಕೆ ಟೈಗರ್ಸ್ ಮುಖಂಡ ತಿಲೀಪನ್ ಉಪವಾಸ ಮಾಡಿ ಸತ್ತ. ಅಕ್ಟೋಬರ್ ಮೊದಲ ವಾರ ಶ್ರೀಲಂಕಾ ನೌಕಾಪಡೆಯ ಕೈಗೆ ಸಿಕ್ಕಿದ್ದ ಟೈಗರ್ಸ್ ಮುಖಂಡರು ಸಯನೈಡ್ ತಿಂದರು. ಅಲ್ಲಿಗೆ ಒಪ್ಪಂದದ ಕಥೆ ಮುಗಿಯಿತು. ಕಾಯಲು ಹೋದವರು ಟೈಗರ್ಸ್ ಜೊತೆ ಹೊಡೆದಾಡಬೇಕಾಯಿತು. "ಆಗಸ್ಟ್‌ದಾಗ ಎಳನೀರು ಕೊಟ್ಟ ಅಜ್ಜಿ ಅಕ್ಟೋಬರ್‌ದಾಗ ನಮ್ಮನ್ನ ನೋಡಿ ಬಾಗ್ಲಾ ಹಾಕ್ಕೊಂಡ್ಳ್ರೀ" ಅಂದರು ಕಾಕಾ. ಯುದ್ಧದ ಬಗ್ಗೆ ಅವರು ತಾವಾಗಿಯೇ ಹೇಳಿದ್ದು ಹೆಚ್ಚುಕಡಿಮೆ ಇಷ್ಟೇ.

ಮಿಕ್ಕಿದ್ದನ್ನು ನಾನು ಓದಿಕೊಂಡೆ. ಓದುತ್ತಾ ಹೊಟ್ಟೆ ಉರಿಯಿತು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರ್‌ನಿಂದ ಸೈನಿಕರನ್ನು ಇಳಿಸಿದರು. ಟೈಗರ್ಸ್ ನಾಯಕರನ್ನು ಹಿಡಿಯುವ ಯೋಜನೆ. ನಮ್ಮ ರೇಡಿಯೋ ಮಾತು ಅವರಿಗೆ ಮೊದಲೇ ಕೇಳಿಸಿತ್ತು. ಕಾದು ಕೂತಿದ್ದರು. 13 ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನ ಇಳಿದ ಮೇಲೆ ಗುಂಡಿನ ಮಳೆ ಎಷ್ಟಾಯಿತೆಂದರೆ ಅವರ ಹಿಂದೆ ಬರಬೇಕಿದ್ದವರು ಇಳಿಯಲೇ ಆಗಲಿಲ್ಲ. ಆ 30 ಜನ ಮರುದಿನ ಬೆಳಗಾದ ಮೇಲೂ ಹೊಡೆದಾಡಿದರು. ಮದ್ದುಗುಂಡು ಖಾಲಿಯಾದಾಗ ಕೊನೆಗೆ ಉಳಿದ ಮೂವರು ಬಯೋನೆಟ್ ಹಿಡಿದು ಮುನ್ನುಗ್ಗಿದರು. 29 ಜನ ಸತ್ತರು. ಒಬ್ಬ ಸಿಪಾಯಿ ಸೆರೆ ಸಿಕ್ಕಿ ಬದುಕಿದ.

ಕೈಯಲ್ಲಿ ಇದ್ದದ್ದಾದರೂ ಏನು? ಒಂದೊಂದೇ ಗುಂಡು ಹಾರಿಸುವ ಭಾರದ ಎಸ್‌ಎಲ್‌ಆರ್ ಬಂದೂಕು. ಎದುರಿಗಿದ್ದವರ ಹತ್ತಿರ ಎಕೆ-47. ರಸ್ತೆಯ ಮೋರಿಗಳ ಕೆಳಗೆ ನೆಲಬಾಂಬ್. ತಮಿಳು ಬರದ ಹುಡುಗರಿಗೆ ಎದುರು ಬಂದವನು ರೈತನೋ ಟೈಗರೋ ತಿಳಿಯುವ ದಾರಿಯೇ ಇರಲಿಲ್ಲ. ಎದುರು ಪಾಳೆಯದಲ್ಲೂ ಮಕ್ಕಳೇ. ಕುತ್ತಿಗೆಯಲ್ಲಿ ಸಯನೈಡ್ ಕಟ್ಟಿಕೊಂಡ, ಮೀಸೆ ಮೂಡದ ಹುಡುಗರು. ಹತ್ತೊಂಬತ್ತರವನು ಹದಿನೈದರವನಿಗೆ ಗುರಿಯಿಡುವ ಯುದ್ಧ ಅದು. ನವೆಂಬರ್ 25ರಂದು ಮೇಜರ್ ರಾಮಸ್ವಾಮಿ ಪರಮೇಶ್ವರನ್ ಎದೆಗೆ ಗುಂಡು ಬಿದ್ದ ಮೇಲೂ ಎದುರಾಳಿಯ ರೈಫಲ್ ಕಿತ್ತುಕೊಂಡು ಅವನನ್ನೇ ಹೊಡೆದು ಪ್ರಾಣ ಬಿಟ್ಟರು. ಪರಮವೀರ ಚಕ್ರ ಬಂತು. ಆ ಯುದ್ಧಕ್ಕೆ ಬಂದದ್ದು ಅದೊಂದೇ. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಅದೇ ಅಕ್ಟೋಬರ್‌ನಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಪಡೆಯ ಗುಂಡಿಗೆ ಡಾಕ್ಟರು, ನರ್ಸು, ರೋಗಿಗಳು ಸತ್ತರು. 60ಕ್ಕೂ ಹೆಚ್ಚು ಜನ. ಜಾಫ್ನಾದವರು ಅದನ್ನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಸೈನಿಕರನ್ನು ನೆನೆಯೋಣ ಅಂದ ತಕ್ಷಣ ಇದನ್ನು ಮುಚ್ಚಿಡಬೇಕು ಅನ್ನುವವರ ಜೊತೆ ನಾನಿಲ್ಲ. ಇದು ನಡೆದದ್ದರಿಂದ ಹೋದವರನ್ನೆಲ್ಲ ಮರೆತುಬಿಡೋಣ ಅನ್ನುವವರ ಜೊತೆಗೂ ಇಲ್ಲ.

ನನ್ನ ಪ್ರಕಾರ ನಾವು ಮರೆತದ್ದಕ್ಕೆ ಕಾರಣ ಬೇರೆ. ಈ ಯುದ್ಧ ನೆನಪಾದರೆ ಎಲ್ಲರಿಗೂ ಮುಜುಗರ. ಕಳಿಸಿದ ಪಕ್ಷಕ್ಕೆ ಮುಜುಗರ. ವಾಪಸ್ ಕರೆಸಿದ ಸರ್ಕಾರಕ್ಕೆ ಹೊಗಳಲು ಏನೂ ಸಿಗಲಿಲ್ಲ. ಮದ್ರಾಸಿನಲ್ಲಿ ಹಡಗಿಂದ ಇಳಿದವರನ್ನು ಸ್ವಾಗತಿಸಲು ಆಗಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಮರುವರ್ಷ ಶ್ರೀಪೆರಂಬುದೂರಿನಲ್ಲಿ ರಾಜೀವ್ ಹತ್ಯೆಯಾಯಿತು. ಆಮೇಲೆ ಶ್ರೀಲಂಕಾ ಅಂದರೆ ಅದೊಂದೇ ಕಥೆ. ಬೆಂಗಳೂರಿನ ಹಳಬರನ್ನು ಕೇಳಿ, ಆ ಹತ್ಯೆಯ ಸಂಚುಗಾರ ಶಿವರಾಸನ್ ಕೋಣನಕುಂಟೆಯ ಮನೆಯಲ್ಲಿ ಸತ್ತ ದಿನ ತಾವು ಎಲ್ಲಿದ್ದೆವು ಅಂತ ಹೇಳುತ್ತಾರೆ. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಿ ಪಡೆದ ಹುಡುಗರೂ ಜಾಫ್ನಾದಲ್ಲಿದ್ದರು ಅನ್ನುವುದು ಅದೇ ಹಳಬರಿಗೆ ಗೊತ್ತಿಲ್ಲ.

ಕಾರ್ಗಿಲ್ ಹೊತ್ತಿಗೆ ಮನೆಮನೆಗೆ ಟಿ.ವಿ. ಬಂದಿತ್ತು. ಗೆಲುವೂ ಇತ್ತು. ಗೆಲುವಿಲ್ಲದ ಯುದ್ಧದಿಂದ ಬಂದವನಿಗೆ ನಾವು ಏನು ಕೇಳಬೇಕೋ ನಮಗೇ ಗೊತ್ತಿಲ್ಲ. ಶ್ರೀಲಂಕಾ ಸರ್ಕಾರ 2008ರಲ್ಲೇ ಶ್ರೀ ಜಯವರ್ಧನಪುರ ಕೋಟ್ಟೆ ಎಂಬಲ್ಲಿ, ತನ್ನ ಪಾರ್ಲಿಮೆಂಟಿನ ಹತ್ತಿರ, ನಮ್ಮವರ ಹೆಸರು ಕೆತ್ತಿಸಿ ಸ್ಮಾರಕ ಕಟ್ಟಿತು. ಹೋಗಿ ಎಂದು ಕಳಿಸಿಬಿಟ್ಟ ದೇಶವೇ ಕಟ್ಟಿದ್ದು! ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಆದದ್ದು 2019ರಲ್ಲಿ. ಅಲ್ಲಿ ಈಗ ಹೆಸರುಗಳಿವೆ. ಸರಿ, ಸತ್ತವರಿಗೆ ಕಲ್ಲಾದರೂ ಸಿಕ್ಕಿತು.

ಬದುಕಿ ಬಂದವರಿಗೆ? ಆಗ ಸಿಪಾಯಿಯಾಗಿ ಸೇರಿದವನು ಹದಿನೈದೋ ಹದಿನೇಳೋ ವರ್ಷಕ್ಕೆ ಹೊರಬರುತ್ತಿದ್ದ. ವಯಸ್ಸು ಮೂವತ್ತೈದರ ಆಸುಪಾಸು. ಮಕ್ಕಳು ಆಗಷ್ಟೇ ಶಾಲೆಗೆ. ಪೆನ್ಷನ್ ಬರುತ್ತದೆ, ಕ್ಯಾಂಟೀನ್ ಕಾರ್ಡ್ ಇರುತ್ತದೆ, 2003ರಿಂದ ಮಾಜಿ ಸೈನಿಕರಿಗೆಂದೇ ಇಸಿಎಚ್‌ಎಸ್ ಎಂಬ ಆಸ್ಪತ್ರೆ ಸೌಲಭ್ಯ ಇದೆ. ಆದರೆ ಆ ವಯಸ್ಸಿಗೆ ಎರಡನೇ ಕೆಲಸ ಬೇಕೇ ಬೇಕು. ಬ್ಯಾಂಕಿನ ಗನ್‌ಮ್ಯಾನ್, ಕಾರ್ಖಾನೆ ಗೇಟು, ನಮ್ಮಂಥವರ ಅಪಾರ್ಟ್‌ಮೆಂಟು. ಕಾಕಾಗೆ ಹನ್ನೆರಡು ತಾಸು ಡ್ಯೂಟಿ. ಕೂರಲು ಪ್ಲಾಸ್ಟಿಕ್ ಕುರ್ಚಿ. ಆಗಸ್ಟ್ 15ಕ್ಕೆ ಬಾವುಟಕ್ಕೆ ಹೂ ಇಟ್ಟು ಗಂಟು ಹಾಕುವವರು ಅವರೇ. ಹಗ್ಗ ಎಳೆಯುವವರು ಮಾತ್ರ ಪ್ರತಿ ವರ್ಷ ಯಾರೋ ಮುಖ್ಯ ಅತಿಥಿ.

ಗಾಯಗೊಂಡವರ ಪಾಡು ಇನ್ನೂ ಕಷ್ಟ. ಅಂಗವೈಕಲ್ಯ ಪಿಂಚಣಿ ಬೇಕಾದರೆ ತೊಂದರೆ ಸೇನೆಯ ಕೆಲಸದಿಂದ ಬಂತು, ಇಲ್ಲವೇ ಅದರಿಂದ ಹೆಚ್ಚಾಯಿತು ಅಂತ ಆಗಬೇಕು. ಕಾಲು ಹೋದರೆ ತೋರಿಸಬಹುದು. ನಿದ್ದೆ ಹೋದರೆ? 1980ರ ದಶಕದಲ್ಲಿ ಯಾವ ಸಿಪಾಯಿ ಡಾಕ್ಟರ ಮುಂದೆ ಹೋಗಿ ನನಗೆ ಭಯ ಆಗ್ತಿದೆ ಅಂದಾನು? ಸೇರುವಾಗ ಗಟ್ಟಿಮುಟ್ಟಾಗಿದ್ದವನಿಗೆ ನಂತರ ಕಾಯಿಲೆ ಬಂದರೆ ಅದು ಸೇವೆಯಿಂದಲೇ ಬಂತೆಂದು ಮೊದಲು ಭಾವಿಸಬೇಕು, ಅಲ್ಲ ಅನ್ನುವವರು ಅದನ್ನು ಸಾಬೀತು ಮಾಡಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ, ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ. ಅದಾದ ಮೇಲೂ ಸೈನಿಕರ ಪರ ಬಂದ ಆದೇಶಗಳ ಮೇಲೆ ಸರ್ಕಾರ ಮೇಲ್ಮನವಿ ಹಾಕುತ್ತಲೇ ಬಂತು. ಗಡಿಯಲ್ಲಿ ಬೇಕಾದಾಗ ವೀರ ಯೋಧ, ಕೋರ್ಟಿನಲ್ಲಿ ಎದುರು ಪಕ್ಷ.

ಕಾಕಾ ಮನೆಯವರು ಒಮ್ಮೆ ಹೇಳಿದರು. ಮಲಗಿರುವಾಗ ಅವರನ್ನು ಯಾರೂ ಮೈ ಮುಟ್ಟಿ ಎಬ್ಬಿಸುವುದಿಲ್ಲವಂತೆ. ಬಾಗಿಲಲ್ಲೇ ನಿಂತು ಹೆಸರು ಹಿಡಿದು ಕರೆಯುತ್ತಾರಂತೆ, ಮಕ್ಕಳಿಗೂ ಚಿಕ್ಕಂದಿನಿಂದ ಅದೇ ಅಭ್ಯಾಸ. ಅವರು ಅದನ್ನು ಕಾಯಿಲೆ ಅಂತ ಹೇಳಲಿಲ್ಲ. ಮನೆಯ ರೂಢಿ ಅನ್ನುವ ಹಾಗೆ ಹೇಳಿದರು. ನಮ್ಮ ಗೇಟಿನ ಮುಂದೆ ಕೇಬಲ್‌ಗೆ ಅಗೆದು ಮಣ್ಣು ಮುಚ್ಚಿದಾಗ ಕಾಕಾ ಆ ಹಸಿ ಮಣ್ಣಿನ ಮೇಲೆ ಕಾಲಿಡದೆ ರಸ್ತೆಗೆ ಇಳಿದು ಸುತ್ತಿ ಬರುತ್ತಿದ್ದದ್ದು ನನಗೆ ಆಗ ಅರ್ಥವಾಯಿತು. ಮೂವತ್ತೈದು ವರ್ಷಕ್ಕೂ ಹಿಂದಿನ ನೆಲಬಾಂಬು ಅದು. ಇದಕ್ಕೆ ಯಾವ ಫಾರ್ಮಿನಲ್ಲಿ ಎಷ್ಟು ಪರ್ಸೆಂಟ್ ಅಂಗವೈಕಲ್ಯ ಅಂತ ಬರೆಯುತ್ತಾರೆ?

ಹುಡುಗನೊಬ್ಬ ಅವರನ್ನು, "ಕಾಕಾ, ನೀವು ಎಷ್ಟು ಜನರನ್ನ ಹೊಡೆದ್ರಿ?" ಅಂತ ಕೇಳಿದ್ದನ್ನು ನಾನೇ ಕೇಳಿದ್ದೇನೆ. "ಪರೀಕ್ಷಾ ಯಾವಾಗಪಾ ನಿಂದು?" ಅಂದು ಮಾತು ತಿರುಗಿಸಿದರು. ಹುಡುಗನ ತಪ್ಪಲ್ಲ. ನಾವು ಸೈನಿಕರಿಂದ ಬಯಸುವುದೇ ಅದನ್ನು, ಅಲ್ವಾ? ಟಿ.ವಿ. ಸ್ಟುಡಿಯೋದಲ್ಲಿ ಕೂತು ಹೊಡೀರಿ, ಬಡೀರಿ ಅನ್ನುವವರ ಮನೆಯಿಂದ ಎಷ್ಟು ಮಕ್ಕಳು ಸಿಪಾಯಿಯಾಗಿ ಹೋಗಿದ್ದಾರೆ ಅಂತ ಕೇಳಬೇಕು ಅನ್ನಿಸುತ್ತದೆ. ಈಗ ಅಗ್ನಿಪಥದಲ್ಲಿ ಹದಿನೇಳೂವರೆಗೇ ಸೇರಬಹುದು. ನಾಲ್ಕು ವರ್ಷಕ್ಕೆ ನಾಲ್ವರಲ್ಲಿ ಮೂವರು ಪೆನ್ಷನ್ ಇಲ್ಲದೆ ವಾಪಸ್. ಆ ಯೋಜನೆ ಸರಿಯೋ ತಪ್ಪೋ ಅದು ಬೇರೆಯೇ ಚರ್ಚೆ. ನನ್ನ ಚಿಂತೆ ಇಷ್ಟೇ: ಆ ನಾಲ್ಕು ವರ್ಷದೊಳಗೆ ಒಂದು ಜಾಫ್ನಾ ಬಂದರೆ, ಇಪ್ಪತ್ತೆರಡಕ್ಕೆ ಊರಿಗೆ ಬಂದವನ ನಿದ್ದೆಯ ಲೆಕ್ಕ ಯಾರು ಇಡುತ್ತಾರೆ?

ಶ್ರೀಲಂಕಾಕ್ಕೆ ಹೋದ ಅಂದಿನ ಹುಡುಗರಿಗೆ ಈಗ ಅರವತ್ತರ ಹತ್ತಿರ. ಅಧಿಕಾರಿಗಳಾಗಿದ್ದವರಲ್ಲಿ ಹಲವರಿಗೆ ಎಪ್ಪತ್ತು ದಾಟುತ್ತಿದೆ. ಬೆಳಗಾವಿ, ವಿಜಯಪುರ, ಕೊಡಗು, ಕೋಲಾರ, ಎಲ್ಲ ಕಡೆ ಇರುತ್ತಾರೆ. ನಮ್ಮ ಸೈನಿಕ ಕಲ್ಯಾಣ ಇಲಾಖೆ ಒಂದು ರೆಕಾರ್ಡರ್ ಹಿಡಿದು ಇವರ ಮಾತನ್ನು ಕನ್ನಡದಲ್ಲೇ ದಾಖಲಿಸಿದರೆ ದೊಡ್ಡ ಖರ್ಚೇನೂ ಆಗದು. ಅದಕ್ಕಾಗಿ ಕಾಯುತ್ತಾ ಕೂರುವುದೂ ಬೇಡ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಇದ್ದರೆ, ಅವರಿಗೆ ಮನಸ್ಸಿದ್ದರೆ, ಕೂತು ಕೇಳಿ ಬರೆದಿಡಿ. ಯಾವ ಯೂನಿಟ್, ಯಾವ ಊರು, ಯಾವ ತಿಂಗಳು, ಜೊತೆಗಿದ್ದವರು ಯಾರು. ಎಷ್ಟು ಜನರನ್ನು ಹೊಡೆದಿರಿ ಅಂತ ಮಾತ್ರ ಕೇಳಬೇಡಿ. ಮಾತು ತಿರುಗಿಸಿದರೆ ಅಲ್ಲಿಗೇ ಬಿಟ್ಟು ಚಹಾ ಕುಡಿದು ಎದ್ದು ಬನ್ನಿ.