ಕಬಾಬಿನ ಆಚೆಗೂ ಇರಾನಿನ ಅಡುಗೆಯಿದೆ

ಇರಾನಿನ ಅಡುಗೆಯ ಬಗ್ಗೆ ಬಂದಿರುವ ಲೇಖನ ಚೆನ್ನಾಗಿದೆ. ಆದರೆ ಆ ಅಡುಗೆಯನ್ನು ಕಬಾಬ್ ಮತ್ತು ಕೇಸರಿ ಅನ್ನದಲ್ಲೇ ಮುಗಿಸಿಬಿಟ್ಟಿದ್ದಕ್ಕೆ ನನ್ನ ತಕರಾರಿದೆ. ಅಲ್ಲಿನ ಮನೆಯಡುಗೆಯ ಜೀವ ಇರುವುದು ಹುಳಿಯಲ್ಲಿ. ಆ ಹುಳಿಯೂ ಒಂದೇ ಬಗೆಯದಲ್ಲ: ಒಣಗಿಸಿದ ನಿಂಬೆ, ದಾಳಿಂಬೆ ರಸದ ಪಾಕ, ಎಳೆ ದ್ರಾಕ್ಷಿಯ ರಸ, ಜರೆಶ್ಕ್ ಎಂಬ ಪುಟ್ಟ ಕೆಂಪು ಹಣ್ಣು. ಖಾರಕ್ಕೆ ಹೆಚ್ಚಿನ ಕಡೆ ಅಷ್ಟೇನೂ ಮರ್ಯಾದೆ ಇಲ್ಲ.

ಘೋರ್ಮೆ ಸಬ್ಜಿ ಎಂಬ ಸೊಪ್ಪು-ಮಾಂಸದ ಸಾರನ್ನೇ ನೋಡಿ. ಪಾರ್ಸ್ಲಿ, ಕೊತ್ತಂಬರಿ, ಮೆಂತ್ಯದ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಹಸಿರು ಕಪ್ಪಿಗೆ ತಿರುಗುವವರೆಗೆ ಎಣ್ಣೆಯಲ್ಲಿ ಹುರಿದು, ಮಾಂಸ, ರಾಜ್ಮಾ ಮತ್ತು ಒಣನಿಂಬೆಯ ಜೊತೆ ಗಂಟೆಗಟ್ಟಲೆ ಬೇಯಿಸುತ್ತಾರೆ. ನಮ್ಮಂತೆ ಕಂತೆಗಟ್ಟಲೆ ಮೆಂತ್ಯ ಹಾಕಿದರೆ ಕೆಟ್ಟಿತು. ನಾನು ಮೊದಲ ಸಲ ಮಾಡಿದ್ದು ಕಷಾಯದ ಹಾಗೆ ಕಹಿಯಾಗಿತ್ತು.

ಅನ್ನದ ವಿಷಯದಲ್ಲಂತೂ ಅವರ ತಾಳ್ಮೆ ದೊಡ್ಡದು. ನೆನೆಸಿದ ಅಕ್ಕಿಯನ್ನು ಅರೆಬೇಯಿಸಿ, ಬಸಿದು, ಮುಚ್ಚಳಕ್ಕೆ ಬಟ್ಟೆ ಸುತ್ತಿ ಹಬೆಯಲ್ಲಿ ಅರಳಿಸುತ್ತಾರೆ. ತಳದಲ್ಲಿ ಹೊಂಬಣ್ಣಕ್ಕೆ ಗರಿಗರಿಯಾಗುವ ಪದರವೇ ತಾಹ್‌ದೀಗ್. ನಾವು ಸೀಕಲು ಎಂದು ಪಾತ್ರೆ ತೊಳೆಯುವವರಿಗೆ ಬಿಡುವುದಕ್ಕೆ ಅಲ್ಲಿ ಊಟದ ಮೇಜಿನಲ್ಲಿ ಪೈಪೋಟಿ!

ಇನ್ನೊಂದು ಮಾತು. ದಕ್ಷಿಣದ ಬುಶೆಹರ್ ಕರಾವಳಿಯ ಘಲಿಯೆ ಮಾಹಿ ಎಂಬ ಮೀನಿನ ಸಾರಿಗೆ ಹುಣಸೆಹಣ್ಣೇ ಬೇಕು, ಖಾರವೂ ಇರುತ್ತದೆ. ಹುಣಸೆಗೆ ಅವರು ಹೇಳುವುದು ‘ತಮ್ರೆ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ. ಮಂಗಳೂರಿನ ಮೀನು ಸಾರು ಉಂಡವರಿಗೆ ಇರಾನಿನ ಪರಿಚಯವನ್ನು ಇಲ್ಲಿಂದಲೇ ಶುರು ಮಾಡಿಸಬಹುದಿತ್ತು.