ಪಾಮು ಅಂದರೆ ತಪ್ಪೇನು?

ಆಂಧ್ರ ಗಡಿಯ ನಮ್ಮ ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ದೊಡ್ಡವರಿಗೆ ಇದೇನೂ ಕಷ್ಟ ಅಲ್ಲ, ಒಂದೇ ಮಾತಿನಲ್ಲಿ ಎರಡನ್ನೂ ಕಲಸಿ ಆಡುತ್ತೇವೆ. ಆರು ವರ್ಷದ ಮಗುವಿನ ಪಾಡು ಬೇರೆ. ಒಂದನೇ ಕ್ಲಾಸಿನಲ್ಲಿ ನಾಯಿ ಚಿತ್ರ ನೋಡಿ ‘ಕುಕ್ಕ’ ಅಂದಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಸ್ಕೇಲಿನ ಏಟು ತಿಂದವನು ನಾನು. ಆ ವರ್ಷ ಪೂರ್ತಿ ಆಮೇಲೆ ಬಾಯಿ ಬಿಟ್ಟಿದ್ದು ಹಾಜರಿ ಕೂಗಿದಾಗ ಮಾತ್ರ.

ಈಗ ಊರಿನ ಸರ್ಕಾರಿ ಶಾಲೆ ನೋಡಿಕೊಳ್ಳುವ ಕಮಿಟಿ, ಅಂದರೆ ಎಸ್‌ಡಿಎಂಸಿಯಲ್ಲಿ ನಾನೂ ಒಬ್ಬ ಸದಸ್ಯ. ಹೋದ ವಾರ ಮೊಟ್ಟೆ ಲೆಕ್ಕ ನೋಡಲು ಹೋದವನು ನಲಿ-ಕಲಿ ಕೋಣೆಯಲ್ಲಿ, ಅಂದರೆ ಚಿಕ್ಕ ಮಕ್ಕಳಿಗೆ ಕಾರ್ಡು, ಚಟುವಟಿಕೆಗಳಲ್ಲೇ ಕಲಿಸುವ ಕಡೆ, ಕೂತುಬಿಟ್ಟೆ. ಒಂದು, ಎರಡು, ಮೂರನೇ ಕ್ಲಾಸು ಎಲ್ಲ ಒಂದೇ ಕೋಣೆ, ಒಬ್ಬರೇ ಟೀಚರ್. ಮಕ್ಕಳು ಐದು ಗುಂಪಾಗಿ ಹಂಚಿ ಕೂರುತ್ತಾರೆ, ಈ ಗುಂಪಿಗೇ ಇಲ್ಲಿ ‘ತಟ್ಟೆ’ ಅನ್ನೋದು. ಒಂದು ತಟ್ಟೆಗೆ ಟೀಚರ್ ಪೂರ್ತಿ ಕಲಿಸಬೇಕು, ಇನ್ನೊಂದರಲ್ಲಿ ಗೆಳೆಯರೇ ಕಲಿಸಬೇಕು, ಕೊನೆಯದರಲ್ಲಿ ಮಗು ತಾನೇ ಕಲಿಯಬೇಕು.

ಅಕ್ಷರವೂ ಅ ಆ ಇ ಈ ಅಂತ ಶುರುವಾಗಲ್ಲ. ರ ಗ ಸ ದ ಅ. ನಮ್ಮಮ್ಮನಿಗೆ ಇದು ಇವತ್ತಿಗೂ ಸಿಟ್ಟು, ‘ಅದೆಂಥಾ ಓದು’ ಅಂತ. ಆದರೆ ಈ ಐದೇ ಅಕ್ಷರ ಬಂದರೆ ಅರಸ, ಅಗಸ, ಗರಗಸ ಓದಬಹುದು. ಐವತ್ತು ಅಕ್ಷರ ಮುಗಿಯೋವರೆಗೂ ಕಾಯಬೇಕಿಲ್ಲ.

ಅಲ್ಲೇ ಒಬ್ಬ ಹುಡುಗ ಕಾರ್ಡ್ ಹಿಡಿದು ‘ಗ-ರ-ಗ-ಸ’ ಅಂತ ನೀಟಾಗಿ ಓದಿದ. ಏನೋ ಹಾಗಂದರೆ ಅಂತ ನಾನು ಕೇಳಿದೆ. ಸುಮ್ನೆ ನನ್ನ ಮುಖ ನೋಡಿದ. ಪಕ್ಕದ ಮೂರನೇ ಕ್ಲಾಸಿನ ಹುಡುಗಿ ‘ರಂಪಂ ರಾ!’ ಅಂದಳು. ತಕ್ಷಣ ಅವನು ಕಾರ್ಡನ್ನೇ ಗರಗಸ ಮಾಡಿಕೊಂಡು ಬೆಂಚಿನ ಕಾಲು ಕುಯ್ಯತೊಡಗಿದ. ನನ್ನ ಪ್ರಕಾರ ಅವನು ಆ ಪದ ಓದಿದ್ದು ಆಗ. ಅದಕ್ಕೆ ಮುಂಚೆ ಬರೀ ಸದ್ದು ಮಾಡಿದ್ದ, ಅಷ್ಟೇ.

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಅಲ್ಲಿನ ಮೇಷ್ಟ್ರುಗಳು ಈ ಐಡಿಯಾ ನೋಡಿಕೊಂಡು ಬಂದಿದ್ದು ಮದನಪಲ್ಲಿ ಪಕ್ಕದ ರಿಷಿ ವ್ಯಾಲಿ ಶಾಲೆಯಲ್ಲಿ. ಅಂದರೆ ನಮ್ಮ ಗಡಿಯ ಆಚೆಯಿಂದ ಮೈಸೂರು ಸೀಮೆಗೆ ಹೋಗಿ, 2009ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿ, ಸುತ್ತು ಹೊಡೆದು ನಮ್ಮೂರಿಗೆ ಬಂತು!

ಟೀಚರ್ ವಿಜಯಪುರದ ಕಡೆಯವರು. ತೆಲುಗು ಒಂದಕ್ಷರ ಬರಲ್ಲ. ಊರಿನವರಿಗೆ ಅದೇ ಗೊಣಗಾಟ. ನನಗೆ ಮಾತ್ರ ಅದೇ ಒಳ್ಳೆಯದಾಯ್ತು ಅನ್ನಿಸುತ್ತದೆ. ಬರಲ್ಲವಾದ್ದರಿಂದ ಅವರು ಮಕ್ಕಳನ್ನೇ ಕೇಳಬೇಕು. ಹಾವಿನ ಚಿತ್ರ ತೋರಿಸಿದರೆ ತಟ್ಟೆಯವರೆಲ್ಲ ‘ಪಾಮು’ ಅಂದರು. ‘ಪಾಮು ಅಂದ್ರ ಏನ್ರೋ?’ ಅಂತ ಟೀಚರ್. ಮಕ್ಕಳಿಗೆ ನಗುವೋ ನಗು, ಮಿಸ್ಸಿಗೆ ಪಾಮು ಗೊತ್ತಿಲ್ಲ! ಒಬ್ಬ ನೆಲದ ಮೇಲೆ ಹರಿದು ತೋರಿಸಿದ. ಅವರು ಬೋರ್ಡಿನ ಮೇಲೆ ಪಾಮು, ಹಾವು ಎರಡನ್ನೂ ಅಕ್ಕಪಕ್ಕ ಬರೆದರು. ಮಕ್ಕಳು ಹೇಳಿದಂತೆ ಕೆಳಗೆ ಪಾಲು-ಹಾಲು, ಪುಲಿ-ಹುಲಿ, ಪಂದಿ-ಹಂದಿ ಸೇರುತ್ತಾ ಹೋದವು.

ಪಂಪನ ಕಾಲದ ಕನ್ನಡದಲ್ಲೂ ಹುಲಿ ಪುಲಿಯೇ ಆಗಿತ್ತು, ಹಾಲು ಪಾಲೇ ಆಗಿತ್ತು. ಅಂಥ ಮಾತಿಗೆ ಏಟು ಕೊಡೋದಾ?

‘ತೆಲುಗು ಬಿಡಿಸಿದರೆ ಕನ್ನಡ ಬೇಗ ಬರುತ್ತೆ’ ಅನ್ನುವವರು ನಮ್ಮ ಕಮಿಟಿಯಲ್ಲೇ ಇದ್ದಾರೆ. ಅವರದೇ ಮಕ್ಕಳು ಬೆಳಿಗ್ಗೆ ವ್ಯಾನ್ ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ, ಆ ವಿಷಯ ಬಿಡಿ. ಮನೆ ಮಾತನ್ನು ಹೊಸಲಿನಾಚೆ ಬಿಟ್ಟು ಬಾ ಅಂದರೆ ಮಗು ಅದರ ಜೊತೆ ಬಾಯನ್ನೂ ಅಲ್ಲೇ ಬಿಟ್ಟು ಬರುತ್ತದೆ. ನಾನು ಹಾಗೇ ಬಿಟ್ಟಿದ್ದೆ. ಟೀಚರ್ ತೆಲುಗಿನಲ್ಲಿ ಪಾಠ ಮಾಡಲಿ ಅಂತ ಯಾರೂ ಕೇಳುತ್ತಿಲ್ಲ. ಮಗು ತಂದ ಪದಕ್ಕೆ ಬೋರ್ಡಿನಲ್ಲಿ ಒಂದಿಷ್ಟು ಜಾಗ ಸಿಕ್ಕರೆ ಸಾಕು. ಇದಕ್ಕೆ ಟೀಚರಿಗೆ ಪುರುಸೊತ್ತೂ ಬೇಕು, ಅಲ್ವಾ? ಅವರನ್ನು ಗಣತಿ, ಚುನಾವಣೆ ಅಂತ ಎಳೆದರೆ ಐದೂ ತಟ್ಟೆಯಲ್ಲಿ ‘ತಾನೇ ಕಲಿ’ ಆಗುತ್ತದೆ.

ಅಷ್ಟರಲ್ಲಿ ಬೆಂಚು ಕುಯ್ಯುತ್ತಿದ್ದವನು ಎದ್ದು ನಿಂತ. ‘ಮಿಸ್, ಪ ತೆಗೆದು ಹ ಹಾಕಿದ್ರೆ ಕನ್ನಡ!’ ಟೀಚರ್ ಭೇಷ್ ಅಂದರು. ಆ ಹುರುಪಿನಲ್ಲೇ ಬಾಗಿಲಲ್ಲಿ ಮಲಗಿದ್ದ ಬೆಕ್ಕನ್ನು ತೋರಿಸಿ ಕೂಗಿದ: ‘ಪಿಲ್ಲಿ... ಹಿಲ್ಲಿ!’

ಟೀಚರ್ ನಕ್ಕೂ ನಕ್ಕೂ ಬೋರ್ಡಿನ ಮೇಲೆ ‘ಬೆಕ್ಕು’ ಅಂತ ಬರೆದರು. ಮಕ್ಕಳು ಅದನ್ನೂ ಓದಿದರು. ಬೆಕ್ಕಿನ ಹೆಸರು ಮಾತ್ರ ಈಗ ಹಿಲ್ಲಿ.