ಎರಡು ದಿನದ ಲೆಕ್ಕದಲ್ಲಿ ತಯಾರಿ ಬಿಟ್ಟುಹೋಗಿದೆ

‘ಅಡ್ರಿನಲ್ ಗ್ರಂಥಿಯನ್ನು ಕೀಹೋಲ್‌ನಲ್ಲಿ ತೆಗೆದರೆ ಎರಡೇ ದಿನದಲ್ಲಿ ಮನೆಗೆ’ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮೂತ್ರಪಿಂಡದ ಮೇಲಿರುವ ಈ ಗ್ರಂಥಿಯನ್ನು ಸಣ್ಣ ರಂಧ್ರಗಳ ಮೂಲಕ ತೆಗೆಯುವ ಆಪರೇಷನ್ ಇದು. ಫಿಯೋಕ್ರೋಮೋಸೈಟೋಮಾ (ಬಿಪಿ ಏರಿಸುವ ಹಾರ್ಮೋನು ಸುರಿಸುವ ಅಡ್ರಿನಲ್ ಗಡ್ಡೆ) ಇದ್ದವರಿಗೆ ಈ ಎರಡು ದಿನದ ಮಾತು ಅರ್ಧ ಸತ್ಯ. ಮುಂಚೆ ಒಂದೆರಡು ವಾರ ಆಲ್ಫಾ ಬ್ಲಾಕರ್ ಎಂಬ, ರಕ್ತನಾಳ ಸಡಿಲಿಸುವ ಮಾತ್ರೆ ಕೊಟ್ಟು ಬಿಪಿ ಹದಕ್ಕೆ ತರಬೇಕು. ಇಲ್ಲದಿದ್ದರೆ ಗಡ್ಡೆ ಮುಟ್ಟಿದಾಗ ಬಿಪಿ ಒಮ್ಮೆಲೇ ಏರಿ ಜೀವಕ್ಕೇ ಅಪಾಯ. ಇದೇ ಗಡ್ಡೆ ಇದ್ದ, ಬಸವನಗುಡಿಯಲ್ಲಿರುವ ನಮ್ಮ ಅತ್ತಿಗೆ ಆಪರೇಷನ್ನಿಗೆ ಮುಂಚೆ ದಿನಾ ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿ ಬರೆದಿಡುತ್ತಿದ್ದರು. ಮಜ್ಜಿಗೆಗೆ ಉಪ್ಪು ಜಾಸ್ತಿ ಹಾಕಿ ಕುಡೀರಿ ಅಂತ ಡಾಕ್ಟರೇ ಹೇಳಿದಾಗ ಮನೆಯವರೆಲ್ಲ ಗಾಬರಿಯಾಗಿದ್ದರು! ಮಾತ್ರೆಯಿಂದ ರಕ್ತನಾಳ ಸಡಿಲವಾಗುತ್ತದೆ, ಅದನ್ನು ತುಂಬೋಕೆ ಉಪ್ಪು, ನೀರು ಎರಡೂ ಬೇಕಂತೆ. ಇನ್ನು, ಹೊಟ್ಟೆ ಕಡೆಯಿಂದಲೇ ಹೋಗಬೇಕು ಅಂತೇನಿಲ್ಲ. ಗಡ್ಡೆ ಚಿಕ್ಕದಿದ್ದು, ಹಿಂದೆ ಹೊಟ್ಟೆ ಆಪರೇಷನ್ ಆಗಿದ್ದರೆ ಬೆನ್ನ ಕಡೆಯಿಂದಲೂ ತೆಗೆಯುತ್ತಾರೆ. ಇವೆರಡನ್ನೂ ಲೇಖನಕ್ಕೆ ದಯವಿಟ್ಟು ಸೇರಿಸಿ.